ಆಗುಂಬೆಯ ನೆತ್ತಿಯಲ್ಲಿ ನಿಂತ ವ್ಯಾನು

ಆಗುಂಬೆಗೆ ಹೋಗಿ ಬಂದವರು ಸಾಮಾನ್ಯವಾಗಿ ಅಲ್ಲಿನ ಸೂರ್ಯಾಸ್ತದ ಬಗ್ಗೆ ಬರೆಯುತ್ತಾರೆ. ಮಳೆಗಾಲದಲ್ಲಿ ಹೋದವರಾದರೆ ಮಳೆಯ ಬಗ್ಗೆ, ಜಿಗಣೆಗಳ ಬಗ್ಗೆ. ಕಳೆದ ಡಿಸೆಂಬರಿನಲ್ಲಿ ನಾನೂ ಹದಿಮೂರು ಮಕ್ಕಳೊಂದಿಗೆ ಆಗುಂಬೆಯಲ್ಲಿ ಒಂದು ಹಗಲು ಪೂರ್ತಿ ಕಳೆದು ಬಂದೆ. ಸೂರ್ಯಾಸ್ತವನ್ನೂ ನೋಡಿದೆವು. ಆದರೆ ಆ ದಿನವನ್ನು ನೆನೆದಾಗ ನನಗೆ ಮೊದಲು ಕೇಳಿಸುವುದು ವ್ಯಾನಿನ ಹಿಂಬದಿಯಿಂದ ಬರುತ್ತಿದ್ದ ಒಂದು ಸದ್ದು.

ನಿಜ ಹೇಳಬೇಕೆಂದರೆ ನಾವು ಹೊರಟದ್ದು ಆಗುಂಬೆಗಲ್ಲ. ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಕ್ಕೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಕಂಬಗಳಂತೆ ಸಾಲುಗಟ್ಟಿ ನಿಂತಿರುವ ಜಾಗ ಅದು. ಒಂಬತ್ತನೇ ತರಗತಿಯ ಮಕ್ಕಳಿಗೆ ಅದನ್ನು ತೋರಿಸುತ್ತೇನೆಂದು ಎರಡು ವರ್ಷದಿಂದ ಹೇಳುತ್ತಲೇ ಬಂದಿದ್ದೆ. ಮುಖ್ಯೋಪಾಧ್ಯಾಯರ ಒಪ್ಪಿಗೆ, ಪೋಷಕರ ಸಹಿ, ಬಾಡಿಗೆ ವ್ಯಾನಿನ ಪರ್ಮಿಟ್ಟು, ವಿಮೆ, ಟೈರು ಎಲ್ಲವನ್ನೂ ನೋಡಿಯೇ ಹೊರಟಿದ್ದೆ. ನೋಡದೆ ಬಿಟ್ಟದ್ದು ಒಂದನ್ನು ಮಾತ್ರ.

ತುಂಗೆಯ ದಡದಲ್ಲಿ

ಶಿವಮೊಗ್ಗ ದಾಟುವಾಗ ಬೆಳಗಿನ ಐದೂವರೆ. ಗಾಜನೂರು ಅಣೆಕಟ್ಟಿನ ಹಿನ್ನೀರಿನ ಮೇಲೆ ಮಂಜು ಕವಿದಿತ್ತು. ಸಕ್ರೆಬೈಲಿನ ಆನೆಗಳನ್ನು ನೋಡಲು ಇನ್ನೂ ಹೊತ್ತಾಗಬೇಕು. 'ಬರುವಾಗ ನೋಡೋಣ' ಎಂದು ಮಕ್ಕಳನ್ನು ಸಮಾಧಾನಪಡಿಸಿದೆ. ಮಂಡಗದ್ದೆಯ ಬಳಿ ರಸ್ತೆ ತುಂಗೆಯ ಪಕ್ಕಕ್ಕೇ ಬರುತ್ತದೆ. ಮಳೆಗಾಲದಲ್ಲಿ ಬೆಳ್ಳಕ್ಕಿಗಳಿಂದ ತುಂಬಿ ಗಲಗಲ ಎನ್ನುವ ನಡುಗಡ್ಡೆ ಡಿಸೆಂಬರಿನಲ್ಲಿ ಬರಿದಾಗಿತ್ತು. ಅಲ್ಲಿಂದ ಮುಂದೆ ಎರಡೂ ಬದಿಗೆ ಕಾಡು, ಅಡಿಕೆ ತೋಟ, ಕೊಯ್ಲಿನ ಕಾಲವಾದ್ದರಿಂದ ಅಂಗಳಗಳಲ್ಲಿ ಅಡಿಕೆ ಬೇಯಿಸುವ ಹೊಗೆ.

ಮಂಡಗದ್ದೆ ದಾಟಿ ಸ್ವಲ್ಪ ದೂರ ಹೋಗಿರಬಹುದು. ಕಟ್ಟಕಡೆಯ ಸೀಟಿನಲ್ಲಿ ಕೂತಿದ್ದ ಹುಡುಗ ಎದ್ದು ಮುಂದೆ ಬಂದ.

"ಸಾರ್, ನಮ್ಮ ಸೀಟಿನ ಕೆಳಗೆ ಎಂತದೋ ಗುಂಯ್ ಅಂತಿದೆ."

"ಎಂಜಿನ್ ಸದ್ದು ಕಣೋ. ಹೋಗಿ ಕೂತ್ಕೊ. ಓಡೋ ವ್ಯಾನಿನಲ್ಲಿ ಎದ್ದು ನಿಲ್ಲಬಾರದು ಅಂತ ಹೇಳಿರಲಿಲ್ವಾ?"

ಅವನು ಹೋಗಿ ಕೂತ. ಎಂಜಿನ್ ಇರುವುದು ಮುಂದೆ, ಹುಡುಗ ಕೂತದ್ದು ಹಿಂದೆ. ಬಿಎಸ್ಸಿ ಓದಿದವನಿಗೆ ಇಷ್ಟು ಹೊಳೆಯಬಾರದಿತ್ತೆ? ಹೊಳೆಯಲಿಲ್ಲ. ಆ ಹುಡುಗ ತರಗತಿಯಲ್ಲೂ ಹಿಂದಿನ ಬೆಂಚಿನವನೇ. ಅವನ ಅಂಕಪಟ್ಟಿಯ ಷರಾ ಕಾಲಮ್ಮಿನಲ್ಲಿ 'ಪಾಠದಲ್ಲಿ ಗಮನ ಕಡಿಮೆ' ಎಂದು ಎರಡು ಸಲ ಬರೆದವನು ನಾನೇ.

ತೀರ್ಥಹಳ್ಳಿಯಲ್ಲಿ ತಿಂಡಿ ಮುಗಿಸಿ ಹೊರಟಾಗ ನಮ್ಮ ಜೊತೆಗಿದ್ದ ಗಣಿತದ ಟೀಚರಿಗೆ ತಲೆಸುತ್ತು ಬಂತು. ಅವರಿಗೆ ಮುಂದಿನ ಸೀಟು ಬಿಟ್ಟುಕೊಟ್ಟು ನಾನು ಹಿಂದೆ ಹೋಗಿ ಆ ಹುಡುಗನ ಪಕ್ಕದಲ್ಲೇ ಕೂತೆ. ಎರಡು ಕಿಲೋಮೀಟರ್ ಹೋಗುವುದರೊಳಗೆ ನನಗೂ ಕೇಳಿಸಿತು. ದೂರದಲ್ಲಿ ಮರ ಕೊಯ್ಯುವ ಮಿಲ್ಲಿನಿಂದ ಬರುವಂಥ, ಒಂದೇ ಸಮನೆ ಎಳೆಯುವ ಗುಂಯ್‌ಗುಡುವ ಸದ್ದು. ಹುಡುಗ ನನ್ನ ಮುಖ ನೋಡಿದ. ಏನೂ ಹೇಳಲಿಲ್ಲ. ಅವನು ಏನಾದರೂ ಹೇಳಿದ್ದರೇ ಚೆನ್ನಾಗಿತ್ತು.

ಓಡುವ ಪ್ರಯೋಗಶಾಲೆ

ಡ್ರೈವರಿಗೆ ಹೇಳಿ ರೇಡಿಯೋ ನಿಲ್ಲಿಸಿದೆ. "ಟೈರಿನ ಸದ್ದು ಮೇಷ್ಟ್ರೇ, ಹೊಸ ಟೈರಲ್ವಾ?" ಎಂದರು ಅವರು. ಇರಬಹುದು. ಆದರೆ 'ಇರಬಹುದು' ಎಂಬುದನ್ನು ಪರೀಕ್ಷಿಸಿಯೇ ಒಪ್ಪಬೇಕು ಎಂದು ಮಕ್ಕಳಿಗೆ ದಿನವೂ ಪಾಠ ಹೇಳುವವನು ನಾನು. ನೋಟ್‌ಬುಕ್ ತೆಗೆಯಿರಿ ಎಂದೆ. ಬಲಗಡೆ 'ತೀರ್ಮಾನ', ಎಡಗಡೆ 'ವೀಕ್ಷಣೆ'. ಆಗುಂಬೆಗೆ ಇನ್ನೂ ಮೂವತ್ತು ಕಿಲೋಮೀಟರ್ ಇತ್ತು.

ಮೊದಲು ಟೈರು. ಟೈರಿನ ಸದ್ದಾದರೆ ರಸ್ತೆ ಬದಲಾದಂತೆ ಅದೂ ಬದಲಾಗಬೇಕು. ಹೊಸ ಡಾಂಬರಿನ ಮೇಲೆ ಒಂದು ಬಗೆ, ಜಲ್ಲಿ ಎದ್ದ ಹಳೆಯ ರಸ್ತೆಯ ಮೇಲೆ ಇನ್ನೊಂದು ಬಗೆ. ನಮ್ಮ ಸದ್ದು ಎರಡರಲ್ಲೂ ಒಂದೇ. ಟೈರಿನ ಹೆಸರಿನ ಮೇಲೆ ಗೀಟು ಬಿತ್ತು.

ಎರಡನೆಯದು ಎಂಜಿನ್ ಮತ್ತು ಗೇರ್‌ಬಾಕ್ಸ್. ನೇರವಾದ ಸಮತಟ್ಟು ರಸ್ತೆ ಸಿಕ್ಕಿ, ಹಿಂದೆ ಮುಂದೆ ಯಾವ ವಾಹನವೂ ಇಲ್ಲದಾಗ ಡ್ರೈವರು ಕ್ಷಣಹೊತ್ತು ವ್ಯಾನನ್ನು ನ್ಯೂಟ್ರಲ್ಲಿಗೆ ಹಾಕಿ ಎಕ್ಸಲರೇಟರ್ ಬಿಟ್ಟರು. ಎಂಜಿನ್ನಿನ ದನಿ ಇಳಿಯಿತು. ಗುಂಯ್ ಎನ್ನುವುದು ಸಣ್ಣದಾಯಿತೇ ಹೊರತು ನಿಲ್ಲಲಿಲ್ಲ. ಅಂದರೆ ಅದು ಎಂಜಿನ್ನಿನ ಜೊತೆ ತಿರುಗುವ ಭಾಗದ್ದಲ್ಲ, ಚಕ್ರದ ಜೊತೆ ತಿರುಗುವ ಭಾಗದ್ದು. (ಈ ಪ್ರಯೋಗವನ್ನು ಇಳಿಜಾರಿನಲ್ಲಿ, ಘಾಟಿಯಲ್ಲಿ ಯಾರೂ ಎಂದಿಗೂ ಮಾಡಬಾರದು. ನ್ಯೂಟ್ರಲ್ಲಿನಲ್ಲಿ ಇಳಿಯುವ ವಾಹನಕ್ಕೆ ಬ್ರೇಕಿನ ಹೊರತು ಬೇರೆ ದಿಕ್ಕಿಲ್ಲ.)

ಸಂಗೀತ ಕಲಿಯುವ ಹುಡುಗಿಯೊಬ್ಬಳು ಇನ್ನೂ ಸೊಗಸಾದ ಮಾತು ಹೇಳಿದಳು. "ಸಾರ್, ವೇಗ ಇಳಿದರೆ ಇದರ ಶ್ರುತಿಯೂ ಇಳಿಯುತ್ತೆ. ಆದರೆ ಅದೇ ವೇಗದಲ್ಲಿ ಗೇರ್ ಬದಲಿಸಿದರೆ ಶ್ರುತಿ ಬದಲಾಗೋದಿಲ್ಲ." ಎರಡನೇ ಪ್ರಯೋಗದ ತೀರ್ಮಾನವನ್ನೇ ಅವಳು ಕಿವಿಯಿಂದ ಕಂಡುಕೊಂಡಿದ್ದಳು. ಲೆಕ್ಕ ಹಾಕಿ ನೋಡಿ: ಚಕ್ರದ ಸುತ್ತಳತೆ 2.2 ಮೀಟರ್ ಎಂದಿಟ್ಟುಕೊಂಡರೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಏಳೂವರೆ ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಹಿಂದಿನ ಹೌಸಿಂಗ್‌ನಲ್ಲಿ ಚಕ್ರದೊಡನೆ ತಿರುಗುವ ದೊಡ್ಡ ಗೇರಿಗೆ 41 ಹಲ್ಲುಗಳಿದ್ದರೆ ಸೆಕೆಂಡಿಗೆ ಸುಮಾರು 310 ಸಲ ಹಲ್ಲಿಗೆ ಹಲ್ಲು ತಾಗುತ್ತದೆ. ವೇಗ 40ಕ್ಕೆ ಇಳಿದರೆ ಸುಮಾರು 207 ಸಲ. ನಾವು ಕೇಳುತ್ತಿದ್ದ ಸ್ವರ ಆ ಹಲ್ಲುಗಳದ್ದು.

ಮೂರನೆಯದು ಚಕ್ರದ ಬೇರಿಂಗ್. ಅದು ಸವೆದಿದ್ದರೆ ತಿರುವುಗಳಲ್ಲಿ ಸದ್ದು ಬದಲಾಗಬೇಕು. ವ್ಯಾನು ಬಲಕ್ಕೆ ಹೊರಳಿದಾಗ ಭಾರ ಎಡಚಕ್ರದ ಮೇಲೆ ಬಿದ್ದು ಎಡಗಡೆಯ ಬೇರಿಂಗ್ ಹೆಚ್ಚು ಕೂಗುತ್ತದೆ. ಎಡಕ್ಕೆ ಹೊರಳಿದರೆ ಬಲಗಡೆಯದು. ಮಲೆನಾಡಿನ ರಸ್ತೆಯಲ್ಲಿ ತಿರುವಿಗೇನು ಬರ! ಹತ್ತಾರು ತಿರುವು ಕಳೆದರೂ ಸದ್ದಿನಲ್ಲಿ ಬದಲಾವಣೆ ಇಲ್ಲ.

ಕೊನೆಯದಾಗಿ ಎಕ್ಸಲರೇಟರ್. ಏರಿನಲ್ಲಿ ಒತ್ತಿದಾಗ ಸದ್ದು ಗಟ್ಟಿ. ಗೇರಿನಲ್ಲಿಟ್ಟುಕೊಂಡೇ ಕಾಲು ತೆಗೆದರೆ ಅದೇ ಸದ್ದು ಒರಟಾಗಿ, ಗರಗರ ಎನ್ನುವಂತಾಗುತ್ತಿತ್ತು. ಎಳೆಯದೆ, ತಡೆಯದೆ ಸುಮ್ಮನೆ ತೇಲಿಸಿಕೊಂಡು ಹೋಗುವಾಗ ಕಡಿಮೆ. ಹಲ್ಲುಗಳ ಮೇಲಿನ ಭಾರ ಬದಲಾದಂತೆ ಸದ್ದೂ ಬದಲಾಗುತ್ತಿದೆ ಎಂದಾಯಿತು. ಉಳಿದದ್ದು ಒಂದೇ ಹೆಸರು: ಹಿಂದಿನ ಡಿಫರೆನ್ಷಿಯಲ್.

ಹುಡುಗ ಆಗ ಬಾಯಿಬಿಟ್ಟ. "ನಮ್ಮಪ್ಪನ ಲಾರೀಲೂ ಹಿಂಗೇ ಆಗಿತ್ತು ಸಾರ್. ಕ್ರೌನ್ ಹೋಗೋ ಮುಂಚೆ."

ಕೈಗೆ ತಾಗದ ಎಣ್ಣೆ

ಆಗುಂಬೆ ತಲುಪಿದಾಗ ಒಂಬತ್ತೂವರೆ. ಬಸ್‌ ನಿಲ್ದಾಣದಿಂದ ಸ್ವಲ್ಪ ಆಚೆ, ಸಮತಟ್ಟಾದ ಕಡೆ ವ್ಯಾನು ನಿಲ್ಲಿಸಿ ಎಲ್ಲರೂ ಇಳಿದೆವು. ಡ್ರೈವರು ಮತ್ತು ನಾನು ಬಗ್ಗಿ ನೋಡಿದೆವು. ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿರುವ ಕಬ್ಬಿಣದ ಹೌಸಿಂಗ್. ಅದರ ಮೂತಿಯಲ್ಲಿ, ಎಂಜಿನ್ನಿನಿಂದ ಬರುವ ಉದ್ದದ ಶಾಫ್ಟು ಸೇರುವ ಜಾಗದಲ್ಲಿ, ಎಣ್ಣೆ ಒಸರಿ ಅದರ ಮೇಲೆ ಧೂಳು ಮೆತ್ತಿ ಕಪ್ಪು ರೊಟ್ಟಿಯಂತೆ ಗಟ್ಟಿಯಾಗಿತ್ತು. ಬಾಟಲಿಯಿಂದ ನಾಲ್ಕು ಹನಿ ನೀರು ಚಿಮುಕಿಸಿದೆ. ಕಾದ ಕಾವಲಿಯ ಮೇಲೆ ಬಿದ್ದಂತೆ 'ಚುಂಯ್' ಎಂದಿತು. ಅಂದರೆ ಅದರ ಶಾಖ ನೂರು ಡಿಗ್ರಿ ದಾಟಿತ್ತು.

ಆರಲು ಬಿಟ್ಟು ಡ್ರೈವರು ಎಣ್ಣೆ ಹಾಕುವ ಮುಚ್ಚಳ ಬಿಚ್ಚಿದರು. ಸಮತಟ್ಟು ನೆಲದಲ್ಲಿ ಎಣ್ಣೆ ಆ ತೂತಿನ ಕೆಳ ಅಂಚಿನವರೆಗೆ ಇರಬೇಕು. ಬೆರಳು ತೂರಿಸಿದರೆ ತಾಗಬೇಕು. ಅವರ ಬೆರಳು ಒಣಗಿಯೇ ಹೊರಬಂತು. ಮುಖ ಸಪ್ಪಗಾಯಿತು.

"ವಾರದಿಂದ ಕೇಳಿಸ್ತಿತ್ತು ಸಾರ್. ಮಾಲೀಕರಿಗೆ ಹೇಳಿದರೆ ಬಾಡಿಗೆ ತಪ್ಪುತ್ತೆ ಅಂತ... ರೇಡಿಯೋ ಜೋರಾಗಿ ಹಾಕ್ಕೊಂಡೆ."

ಅವರ ಮೇಲೆ ರೇಗಲು ಬಾಯಿ ಬರಲಿಲ್ಲ. ನಾನೂ ಬೆಳಿಗ್ಗೆ ಮಾಡಿದ್ದು ಅದನ್ನೇ ಅಲ್ಲವೆ?

ಮಾಲೀಕರಿಗೆ ಫೋನು ಹೋಯಿತು. ಅವರ ಸಲಹೆ ಸರಳವಾಗಿತ್ತು: "ಘಾಟಿ ಇಳಿದರೆ ಸೋಮೇಶ್ವರ, ಹಾಗೇ ಹೆಬ್ರಿ. ಅಲ್ಲಿ ಗ್ಯಾರೇಜ್ ಸಿಗುತ್ತೆ. ಇಳಿಜಾರು ತಾನೆ, ಎಂಜಿನ್ನಿಗೆ ಭಾರವೇ ಇಲ್ಲ." ಕೇಳಲು ಸರಿಯಾಗಿಯೇ ಇತ್ತು. ದೋಣಿಯ ಸಮಯ ನನ್ನ ತಲೆಯಲ್ಲಿ ಓಡುತ್ತಿತ್ತು. ಹದಿಮೂರು ಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು. ಹನ್ನೆರಡು ಕಿಲೋಮೀಟರ್ ಒಂದು ದೊಡ್ಡದೆ? ಒಂದು ನಿಮಿಷ ನಾನೂ 'ಹೋಗಿಬಿಡೋಣ' ಎಂದೇ ಯೋಚಿಸಿದೆ ಎಂಬುದನ್ನು ಪೋಷಕರಾದ ನಿಮ್ಮ ಮುಂದೆ ಮುಚ್ಚಿಡಲಾರೆ.

ಆದರೆ ಇಳಿಜಾರಿನಲ್ಲಿ ಭಾರವಿಲ್ಲ ಎಂಬುದು ತಪ್ಪು. ಘಾಟಿ ಇಳಿಯುವಾಗ ವಾಹನವನ್ನು ಸಣ್ಣ ಗೇರಿನಲ್ಲಿಟ್ಟು ಎಂಜಿನ್ನಿನಿಂದಲೇ ತಡೆಹಿಡಿಯುತ್ತೇವೆ. ಆ ತಡೆಯೆಲ್ಲ ಚಕ್ರಕ್ಕೆ ತಲುಪುವುದು ಇದೇ ಹಲ್ಲುಗಳ ಮೂಲಕ, ಅವುಗಳ ಇನ್ನೊಂದು ಮಗ್ಗುಲಿನಿಂದ. ಎಣ್ಣೆಯಿಲ್ಲದ ಬೇರಿಂಗ್ ನಡುದಾರಿಯಲ್ಲಿ ಬಿಗಿದುಕೊಂಡರೆ ಹಿಂದಿನ ಎರಡೂ ಚಕ್ರಗಳು ಒಮ್ಮೆಲೇ ನಿಂತುಬಿಡುತ್ತವೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳು, ಒಂದು ಪಕ್ಕ ಗುಡ್ಡ, ಇನ್ನೊಂದು ಪಕ್ಕ ಪ್ರಪಾತ. ನನ್ನ ನಿಮಿಷ ಮುಗಿಯಿತು. "ವ್ಯಾನು ಇಲ್ಲಿಂದ ಇಳಿಯೋದಿಲ್ಲ" ಎಂದೆ. ಮಕ್ಕಳ ಮುಖ ಬಾಡಿತು. ತೀರ್ಥಹಳ್ಳಿಯಿಂದ ಮೆಕ್ಯಾನಿಕ್ ಒಬ್ಬರು ಹೊರಟರು.

ಬಿದಿರಿನ ಗಳ ಹೇಳಿದ ಪಾಠ

ಅವರು ಬರುವವರೆಗೆ ಏನು ಮಾಡುವುದು? ಆಗುಂಬೆ ಚಿಕ್ಕ ಊರು. ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿ, ಪಶ್ಚಿಮ ಘಟ್ಟದ ಅಂಚಿನಲ್ಲೇ ಕೂತಿದೆ. ಕಡಲಿನಿಂದ ಬರುವ ಮುಂಗಾರು ಮೋಡಗಳು ಮೊದಲು ಎದುರಾಗುವುದು ಈ ಗೋಡೆಯನ್ನೇ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ. 1980ರ ದಶಕದಲ್ಲಿ ಶಂಕರ್ ನಾಗ್ ಅವರು 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಚಿತ್ರಿಸಿದ್ದು ಇಲ್ಲಿ. ಆ ದೊಡ್ಡಮನೆಯನ್ನು ಹೊರಗಿನಿಂದ ನೋಡಿ ಬಂದೆವು. ಕಾಳಿಂಗ ಸರ್ಪಗಳ ಅಧ್ಯಯನಕ್ಕಾಗಿ ರೋಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಆರಂಭಿಸಿದ್ದೂ ಈ ಊರಿನಲ್ಲೇ ಎಂದಾಗ ಮಕ್ಕಳು ಒಬ್ಬರಿಗೊಬ್ಬರು ಅಂಟಿಕೊಂಡು ನಡೆದರು.

ಮರಳಿ ಬಂದಮೇಲೆ ಒಬ್ಬ ಹುಡುಗಿ ಕೇಳಿದಳು: "ಸಾರ್, ಚಕ್ರಕ್ಕೆ ಶಕ್ತಿ ಕೊಡೋಕೆ ಇಷ್ಟೆಲ್ಲ ಗೇರು ಯಾಕೆ? ಎತ್ತಿನ ಗಾಡಿ ಥರ ಒಂದು ಅಚ್ಚು ಸಾಲದಾ?"

ಒಳ್ಳೆಯ ಪ್ರಶ್ನೆ. ಬೇಲಿಯ ಬಳಿ ಬಿದ್ದಿದ್ದ ಒಂದೂವರೆ ಮೀಟರ್ ಉದ್ದದ ಬಿದಿರಿನ ಗಳ ತಂದೆವು. ಬಯಲಿನಲ್ಲಿ ಇಬ್ಬರು ಹುಡುಗರು ಅದರ ಎರಡು ತುದಿ ಹಿಡಿದು ನಿಂತರು. ಗಳವೇ ಅಚ್ಚು, ಹುಡುಗರೇ ಚಕ್ರ. ಗಳ ಓರೆಯಾಗದಂತೆ ಅರ್ಧ ವೃತ್ತದಲ್ಲಿ ತಿರುಗಿ ಬನ್ನಿ ಎಂದೆ. ಒಳಗಿನವನು ನಿಧಾನವಾಗಿ ಹೆಜ್ಜೆ ಹಾಕಿದರೆ ಹೊರಗಿನವನು ಓಡಬೇಕಾಯಿತು. ಇಬ್ಬರೂ ಒಂದೇ ಲೆಕ್ಕದ ಹೆಜ್ಜೆ ಹಾಕಿ ಎಂದಾಗ ಗಳ ಎಳೆದಾಡಿ, ಒಬ್ಬ ಮುಗ್ಗರಿಸಿದ. ಎಲ್ಲರೂ ನಕ್ಕರು, ಅರ್ಥವೂ ಆಯಿತು.

ಅಷ್ಟರಲ್ಲಿ ಚೇತರಿಸಿಕೊಂಡಿದ್ದ ಗಣಿತದ ಟೀಚರು ಲೆಕ್ಕ ಬರೆಸಿದರು. ಅರ್ಧ ವೃತ್ತ ತಿರುಗುವಾಗ ಹೊರಚಕ್ರ ಒಳಚಕ್ರಕ್ಕಿಂತ ಹೆಚ್ಚು ಕ್ರಮಿಸುವ ದೂರ, ಪೈ ಗುಣಿಸು ಎರಡು ಚಕ್ರಗಳ ನಡುವಿನ ಅಂತರ. ಒಂದೂವರೆ ಮೀಟರ್ ಅಂತರಕ್ಕೆ ಅದು ಸುಮಾರು 4.7 ಮೀಟರ್. ತಿರುವು ದೊಡ್ಡದಿರಲಿ ಸಣ್ಣದಿರಲಿ, ಈ ವ್ಯತ್ಯಾಸ ಅಷ್ಟೇ! ಪೂರ್ತಿ ಅರ್ಧ ವೃತ್ತ ತಿರುಗಿಸುವ ಪ್ರತಿಯೊಂದು ಹೇರ್‌ಪಿನ್ನಿನಲ್ಲೂ ಒಂದು ಚಕ್ರ ಇನ್ನೊಂದಕ್ಕಿಂತ ಸುಮಾರು ಐದು ಮೀಟರ್ ಹೆಚ್ಚು ಓಡಲೇಬೇಕು.

ಶಕ್ತಿಯನ್ನೂ ಕೊಟ್ಟು, ಈ ಸ್ವಾತಂತ್ರ್ಯವನ್ನೂ ಕೊಡುವ ಗೇರುಗಳ ಜೋಡಣೆಯೇ ಡಿಫರೆನ್ಷಿಯಲ್. 1827ರಲ್ಲಿ ಫ್ರಾನ್ಸಿನ ತಂತ್ರಜ್ಞ ಒನೆಸಿಫೋರ್ ಪೆಕ್ಯೂರ್ ಹಬೆ ಗಾಡಿಗಾಗಿ ಇದನ್ನು ರೂಪಿಸಿದ. ಮುಂದಿನಿಂದ ಬರುವ ಶಾಫ್ಟಿನ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಗೇರು. ಅದು ಕ್ರೌನ್ ಎಂಬ ದೊಡ್ಡ ಗೇರನ್ನು ತಿರುಗಿಸುತ್ತದೆ. ಕ್ರೌನಿಗೆ ಕಟ್ಟಿದ ಗೂಡಿನೊಳಗೆ ಪುಟ್ಟ ಗೇರುಗಳಿದ್ದು, ಎರಡೂ ಚಕ್ರಗಳಿಗೆ ಬೇಕಾದಷ್ಟು ಸುತ್ತನ್ನು ಹಂಚುತ್ತವೆ. 1926ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರಿನಲ್ಲಿ ಹೈಪಾಯ್ಡ್ ಎಂಬ ಹೊಸ ಬಗೆಯ ಹಲ್ಲು ಬಂತು. ಅದರಲ್ಲಿ ಪಿನಿಯನ್ ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ ಕೂರುತ್ತದೆ. ಗಾಡಿಯ ನೆಲವನ್ನು ತಗ್ಗಿಸಬಹುದು, ಸದ್ದೂ ಕಡಿಮೆ. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಜಾರುತ್ತವೆ. ಭಾರಿ ಒತ್ತಡದಲ್ಲಿ ಲೋಹದ ಮೇಲೆ ಲೋಹ ಜಾರಿದರೆ ಸಾಧಾರಣ ಎಣ್ಣೆ ನಿಲ್ಲದು. ಅದಕ್ಕೇ ಗೇರ್ ಆಯಿಲಿನಲ್ಲಿ ಗಂಧಕ, ರಂಜಕಗಳ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಹಲ್ಲು ಕಾದ ಕಡೆ ಅವು ಕಬ್ಬಿಣದೊಡನೆ ಕೂಡಿ ತೆಳುಪೊರೆಯಾಗುತ್ತವೆ. ಸವೆಯುವುದು ಆ ಪೊರೆ, ಉಳಿಯುವುದು ಹಲ್ಲು. ಗೇರ್ ಆಯಿಲಿನ ಘಾಟು ವಾಸನೆ ಆ ಗಂಧಕದ್ದು.

ಮೆಕ್ಯಾನಿಕ್ ಬಂದರು

ಹನ್ನೊಂದೂವರೆಗೆ ಬೈಕಿನಲ್ಲಿ ಎಣ್ಣೆಯ ಡಬ್ಬ ಕಟ್ಟಿಕೊಂಡು ಬಂದವರು ಅರವತ್ತರ ಆಸುಪಾಸಿನ ಹಿರಿಯರು. ಏನೂ ಕೇಳದೆ ಮೊದಲು ವ್ಯಾನಿನ ಅಡಿ ಮಲಗಿದರು. ಹೌಸಿಂಗ್‌ನ ಮೇಲ್ಗಡೆ ಗುಬ್ಬಿಯ ಕೊಕ್ಕಿನಷ್ಟು ಸಣ್ಣ ಕೊಳವೆಯೊಂದನ್ನು ತಂತಿಯಿಂದ ಚುಚ್ಚಿದರು. ಗಟ್ಟಿಯಾದ ಕೆಂಪು ಮಣ್ಣು ಉದುರಿತು.

"ನೋಡಿ ಮೇಷ್ಟ್ರೇ, ಕಳ್ಳ ಇಲ್ಲಿದ್ದಾನೆ. ಬ್ರೀದರ್ ಕಟ್ಟಿದೆ. ಉಸಿರಾಡೋಕೆ ಜಾಗ ಇಲ್ಲ ಅಂದ್ರೆ ಗಾಳಿ ಎಲ್ಲಿ ಹೋಗ್ಬೇಕು ಮಾರಾಯ್ರೆ? ಸೀಲ್ ತಳ್ಳಿ ಎಣ್ಣೆ ಹೊರಗೆ ಬಿತ್ತು."

ವಿದ್ಯಾರ್ಥಿ ಮಿತ್ರರೇ, ಮುಚ್ಚಿದ ಪಾತ್ರೆಯಲ್ಲಿ ಅನಿಲದ ಒತ್ತಡ ಅದರ ನಿರಪೇಕ್ಷ ತಾಪಕ್ಕೆ ಅನುಪಾತದಲ್ಲಿ ಏರುತ್ತದೆ ಎಂದು ಓದಿದ್ದೀರಿ. ಬೆಳಿಗ್ಗೆ 25 ಡಿಗ್ರಿ ಅಂದರೆ 298 ಕೆಲ್ವಿನ್. ಕಾದಾಗ 100 ಡಿಗ್ರಿ ಅಂದರೆ 373 ಕೆಲ್ವಿನ್. ಭಾಗಿಸಿ ನೋಡಿ, ಒತ್ತಡ ಕಾಲು ಪಾಲು ಹೆಚ್ಚುತ್ತದೆ. ಶಾಫ್ಟಿನ ಸುತ್ತ ಇರುವ ರಬ್ಬರಿನ ಸೀಲು ದಿನವೂ ಇದನ್ನು ತಡೆಯಲಾರದೆ ಹನಿಹನಿಯಾಗಿ ಎಣ್ಣೆ ಬಿಟ್ಟುಕೊಟ್ಟಿತ್ತು. ಇದರ ತಿರುಗುಮುರುಗೂ ಉಂಟು ಎಂದರು ಮೆಕ್ಯಾನಿಕ್. ಕಾದ ಹೌಸಿಂಗನ್ನು ಹಳ್ಳದ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಕಟ್ಟಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಒಳಗೆಳೆಯುತ್ತದೆ. ಆಗ ಎಣ್ಣೆ ಹಾಲು ಬೆರೆಸಿದ ಚಹಾದಂತಾಗುತ್ತದೆ.

ಕೆಳಗಿನ ಮುಚ್ಚಳ ಬಿಚ್ಚಿದಾಗ ಬಂದದ್ದು ಅರ್ಧ ಲೀಟರೂ ಇಲ್ಲ. ಇರಬೇಕಾದದ್ದು ಎರಡು ಲೀಟರಿಗೂ ಹೆಚ್ಚು. ಕಪ್ಪಗಿತ್ತು, ಸುಟ್ಟ ವಾಸನೆ ಬರುತ್ತಿತ್ತು. ಮುಚ್ಚಳದ ತುದಿಯಲ್ಲಿ ಒಂದು ಅಯಸ್ಕಾಂತ. ಅದರ ಮೇಲೆ ಬೂದುಬಣ್ಣದ ನುಣುಪು ಕೆಸರು ಅಂಟಿತ್ತು. "ಇದು ಇದ್ದಿದ್ದೇ, ಎಲ್ಲ ಗಾಡೀಲೂ ಇರುತ್ತೆ" ಎಂದು ಒರೆಸಿದರು. ಒರೆಸಿದ ಮೇಲೆ ಬೆರಳಿನಲ್ಲಿ ಉಳಿದದ್ದು ಮೀನಿನ ಸಿಪ್ಪೆಯಂಥ ಎರಡು ಮೂರು ಚೂರು ಉಕ್ಕು. "ಇದು ಇರಬಾರ್ದಿತ್ತು."

ಈ ಹೌಸಿಂಗ್‌ನಲ್ಲಿ ಎಣ್ಣೆಗೆ ಪಂಪು ಇಲ್ಲ. ಕ್ರೌನಿನ ಕೆಳಭಾಗ ಎಣ್ಣೆಯಲ್ಲಿ ಮುಳುಗಿ, ತಿರುಗುತ್ತಾ ಎರಚುತ್ತದೆ. ಮಟ್ಟ ತಗ್ಗಿದರೆ ಎರಚಾಟ ಎಲ್ಲಕ್ಕಿಂತ ದೂರದಲ್ಲಿರುವ ಮೂತಿಯ ಪಿನಿಯನ್ ಬೇರಿಂಗಿಗೆ ತಲುಪುವುದಿಲ್ಲ. ಮೊದಲು ಉಪವಾಸ ಬೀಳುವುದು ಅದೇ. ಅದು ಸವೆದರೆ ಪಿನಿಯನ್ ಅಲುಗುತ್ತದೆ, ಅಲುಗಿದರೆ ಹಲ್ಲಿನ ಮೇಲೆ ಹಲ್ಲು ಕೂರುವ ಜಾಗ ತಪ್ಪುತ್ತದೆ, ಆಗ ಗುಂಯ್. ಮೆಕ್ಯಾನಿಕ್ ಶಾಫ್ಟನ್ನು ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ ತೋರಿಸಿದರು. ಅಲುಗಬಾರದ್ದು ಕಣ್ಣಿಗೆ ಕಾಣುವಂತೆ ಅಲುಗಿತು.

ಹೊಸ ಎಣ್ಣೆ ತುಂಬಿ ಖಾಲಿ ವ್ಯಾನನ್ನು ಊರೊಳಗೆ ಒಂದು ಸುತ್ತು ತಂದರು. ಸದ್ದು ಸಣ್ಣದಾಗಿತ್ತು, ಹೋಗಿರಲಿಲ್ಲ. ಡ್ರೈವರು ಆಸೆಯಿಂದ "ಸರಿ ಹೋಯ್ತಲ್ಲಾ?" ಎಂದರು.

"ಎಣ್ಣೆ ಹಾಕಿದ್ರೆ ಉರಿ ಕಮ್ಮಿ ಆಗುತ್ತೆ, ಗಾಯ ಮಾಯೋದಿಲ್ಲ. ನಾನು ಖಾಲಿ ಗಾಡಿ ಮೆಲ್ಲ ತೀರ್ಥಹಳ್ಳಿಗೆ ಒಯ್ತೇನೆ. ಮಕ್ಕಳನ್ನ ಇದರಲ್ಲಿ ಕೂರಿಸ್ಬೇಡಿ ಮೇಷ್ಟ್ರೇ." ಸ್ವಲ್ಪ ತಡೆದು ಸೇರಿಸಿದರು: "ಸದ್ದು ಬಂದ ಮೊದಲ ದಿನ ತಂದಿದ್ರೆ ಒಂದು ಸೀಲು, ಎರಡು ಲೀಟರ್ ಎಣ್ಣೆಯಲ್ಲಿ ಮುಗೀತಿತ್ತು. ಯಾರಿಗೂ ಕೇಳಿಸ್ಲಿಲ್ವಾ?"

ನಾನು ಹಿಂದಿನ ಸೀಟಿನ ಹುಡುಗನನ್ನು ಕರೆದು ಮುಂದೆ ನಿಲ್ಲಿಸಿದೆ. "ಇವನಿಗೆ ಕೇಳಿಸಿತ್ತು. ಹೇಳಿದ. ನಾನು ಸುಮ್ಮನಿರಿಸಿದೆ" ಎಂದು ಎಲ್ಲರೆದುರು ಹೇಳಿದೆ. ಹುಡುಗ ನಾಚಿ ನೆಲ ನೋಡಿದ. ಮೆಕ್ಯಾನಿಕ್ ಅವನ ಅಂಗೈಯಲ್ಲಿ ಆ ಉಕ್ಕಿನ ಚೂರುಗಳನ್ನಿಟ್ಟರು.

ಸೂರ್ಯ ಇಳಿದ ಮೇಲೆ

ಬದಲಿ ವ್ಯಾನು ಬರುವುದು ಸಂಜೆಗೆಂದು ಗೊತ್ತಾಯಿತು. ಅಂದು ದೋಣಿ ತಪ್ಪಿದರೆ ಮರುದಿನಕ್ಕೆ ರಜೆಯಿಲ್ಲ. ದ್ವೀಪ ಕೈತಪ್ಪಿತು. ಹದಿಮೂರು ಮನೆಗಳಿಗೆ ನಾನೇ ಫೋನು ಮಾಡಿದೆ. ಹೆಚ್ಚಿನವರು 'ಒಳ್ಳೇದಾಯ್ತು ಸಾರ್' ಎಂದರು. ಒಬ್ಬರು ಮಾತ್ರ "ಎಣ್ಣೆ ಇಲ್ಲದ ವ್ಯಾನನ್ನ ಯಾಕೆ ಹಿಡಿದ್ರಿ ಸಾರ್?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದು. "ಕೇಳಲಿಲ್ಲ, ತಪ್ಪಾಯ್ತು" ಎಂದೆ.

ಸಂಜೆ ಸೂರ್ಯಾಸ್ತದ ಕಟ್ಟೆಗೆ ರಸ್ತೆಯ ಬದಿ ಹಿಡಿದು ಸಾಲಾಗಿ ನಡೆದೆವು. ಕೆಳಗೆ ಮಿನಿ ಬಸ್ಸೊಂದು ತಿರುವಿನ ಮೇಲೆ ತಿರುವು ಸುತ್ತುತ್ತಾ ಆಟಿಕೆಯಂತೆ ಇಳಿಯುತ್ತಿತ್ತು. ಮಕ್ಕಳು ಸೂರ್ಯನನ್ನು ಬಿಟ್ಟು ಅದನ್ನೇ ನೋಡುತ್ತಾ "ಈಗ ಎಡಗಡೆ ಚಕ್ರ ಜಾಸ್ತಿ ಓಡ್ತು, ಈಗ ಬಲಗಡೆದು" ಎಂದು ಎಣಿಸುತ್ತಿದ್ದರು. ಆರು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ ಸೂರ್ಯ ಕಡಲಿನ ಕಡೆಯ ಮಬ್ಬಿನಲ್ಲಿ ಚಪ್ಪಟೆಯಾಗಿ ಕರಗಿದ. ದ್ವೀಪ ಆ ಮಬ್ಬಿನಾಚೆ ಎಲ್ಲೋ ಇತ್ತು.

ನಾಲ್ಕು ದಿನದ ನಂತರ ಡ್ರೈವರು ಫೋನು ಮಾಡಿದರು. ಪಿನಿಯನ್ ಬೇರಿಂಗಿನ ಉರುಳೆಗಳು ಕಾದು ನೀಲಿಗಟ್ಟಿ, ಮೈಯೆಲ್ಲ ಚುಚ್ಚಿದಂತಾಗಿದ್ದವಂತೆ. ಬೇರಿಂಗ್, ಸೀಲು ಬದಲಾದವು. ಹಲ್ಲುಗಳ ಮೇಲೆ ಗೀರು ಬಿದ್ದಿರುವುದರಿಂದ ಸಣ್ಣ ಸದ್ದು ಉಳಿದಿದೆ. ಕ್ರೌನ್ ಪಿನಿಯನ್ ಜೋಡಿಯಾಗಿಯೇ ಹುಟ್ಟಿದವು, ಬದಲಿಸಿದರೆ ಎರಡನ್ನೂ ಬದಲಿಸಬೇಕು, ಅದು ಮುಂದಿನ ಖರ್ಚು.

ಆ ಹುಡುಗನ ವಿಜ್ಞಾನದ ಅಂಕ ಈಗಲೂ 35ರ ಆಸುಪಾಸಿನಲ್ಲೇ ಇದೆ. ಷರಾ ಕಾಲಮ್ಮಿನಲ್ಲಿ ಮಾತ್ರ ಈ ಸಲ 'ಚೆನ್ನಾಗಿ ಆಲಿಸುತ್ತಾನೆ' ಎಂದು ಬರೆದೆ. ಅವನ ತಂದೆ ಸಹಿ ಹಾಕುವ ಮೊದಲು ಅದನ್ನು ಎರಡು ಸಲ ಓದಿಸಿಕೊಂಡರಂತೆ.

ಫೆಬ್ರವರಿಯಲ್ಲಿ ಮತ್ತೆ ಹೊರಟೆವು, ಬೇರೆ ವ್ಯಾನಿನಲ್ಲಿ, ಅದೇ ದ್ವೀಪಕ್ಕೆ. ಬೆಳಗಿನ ನಾಲ್ಕೂವರೆಗೆ ಶಾಲೆಯ ಗೇಟಿನ ಬಳಿ ಹೋದಾಗ ವ್ಯಾನಿನ ಕೆಳಗೆ ಬೆಳಕು ಕಾಣುತ್ತಿತ್ತು. ಬಗ್ಗಿ ನೋಡಿದರೆ ಟಾರ್ಚು ಹಿಡಿದು ಅಂಗಾತ ಮಲಗಿದ್ದ ಹುಡುಗ.

"ಒಸರಿಲ್ಲ ಸಾರ್. ಹತ್ತಬಹುದು" ಎಂದ.

ಹತ್ತಿದೆವು.

ಹೋಗುವವರಿಗೆ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ.; ಅಲ್ಲಿಂದ ಆಗುಂಬೆಗೆ ಮೂವತ್ತಕ್ಕೂ ಸ್ವಲ್ಪ ಹೆಚ್ಚು. ಘಾಟಿ ಇಳಿದರೆ ಸೋಮೇಶ್ವರ, ಹೆಬ್ರಿ ಮಾರ್ಗವಾಗಿ ಉಡುಪಿ, ಮಲ್ಪೆ. ಸೂರ್ಯಾಸ್ತಕ್ಕೆ ನವೆಂಬರಿನಿಂದ ಜನವರಿ ಒಳ್ಳೆಯ ಕಾಲ. ಬಾಡಿಗೆ ವಾಹನ ಗೊತ್ತುಮಾಡುವವರು ಅದು ರಾತ್ರಿ ನಿಂತಿದ್ದ ನೆಲದ ಮೇಲೆ ಎಣ್ಣೆಯ ಹನಿ ಇದೆಯೇ ಎಂದು ಬೆಳಿಗ್ಗೆ ನೋಡಿ. ಹಿಂದಿನ ಹೌಸಿಂಗ್‌ನ ಎಣ್ಣೆ ಯಾವಾಗ ನೋಡಿದ್ದು ಎಂದು ಡ್ರೈವರನ್ನು ವಿಚಾರಿಸಿ. ಘಾಟಿ ಹತ್ತುವ ಅಥವಾ ಇಳಿಯುವ ಮುನ್ನ ಐದು ನಿಮಿಷ ರೇಡಿಯೋ ನಿಲ್ಲಿಸಿ, ಹಿಂದಿನ ಸೀಟಿನವರಿಗೆ ಏನಾದರೂ ಕೇಳಿಸುತ್ತಿದೆಯೇ ಎಂದು ಕೇಳಿ.